ಇಳಕಲ್ ಗ್ರಾನೈಟ್

ಬಾಗಲಕೋಟೆ ಜಿಲ್ಲೆಯ ಇಳಕಲ್ ಸುತ್ತಮುತ್ತ ಸಿಗುವ ಕೆಂಪು, ಗುಲಾಬಿ ಬಣ್ಣದ ಕಟ್ಟಡ ಕಲ್ಲು. ಸೀರೆಯಿಂದ ಹೆಸರಾದ ಊರಿನ ಎರಡನೆಯ ಗುರುತು ಇದು. ಸಮಕಾಲೀನ ಕಟ್ಟಡ ಮತ್ತು ಒಳಾಂಗಣ ವಿನ್ಯಾಸದ ವ್ಯಾಪಾರದಲ್ಲಿ 'ರೂಬಿ ರೆಡ್' ಎಂಬ ಹೆಸರೂ ಇದಕ್ಕುಂಟು. ಇಲ್ಲಿಂದ ಹೊರದೇಶಗಳಿಗೂ ರಫ್ತಾಗುತ್ತದೆ.

ನಯಗೊಳಿಸಿದ ಹಲಗೆಯನ್ನು ಹತ್ತಿರದಿಂದ ನೋಡಿದರೆ ಕೆಂಪು ಫೆಲ್ಡ್‌ಸ್ಪಾರ್ ಹರಳುಗಳ ನಡುವೆ ಗಾಜಿನಂಥ ಬೆಣಚು, ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣುತ್ತವೆ. ಗಣಿಯಲ್ಲಿ ವಜ್ರದ ಮಣಿ ಪೋಣಿಸಿದ ತಂತಿಯಿಂದ ಬಂಡೆ ಕೊಯ್ದು, ಕಾರ್ಖಾನೆಯಲ್ಲಿ ಹಲಗೆ ಸೀಳುತ್ತಾರೆ. 2 ಸೆಂ.ಮೀ. ದಪ್ಪದ ಹಲಗೆ ಚದರ ಮೀಟರಿಗೆ ಸುಮಾರು 53 ಕಿ.ಗ್ರಾಂ. ತೂಗುತ್ತದೆ; ಹೊರಗೋಡೆಗೆ ಹೊದಿಸುವಾಗ ಲೋಹದ ಕೊಕ್ಕೆಗಳ ಲೆಕ್ಕ ತಪ್ಪುವಂತಿಲ್ಲ.

ಮೇಲ್ಮೈ ಸಂಸ್ಕರಣೆಯೇ ವಿನ್ಯಾಸಕಾರನ ಕೈಚಳಕ. ಕನ್ನಡಿಯಂತೆ ಉಜ್ಜಿದ ಕಲ್ಲು ಹೋಟೆಲ್ ಹಜಾರಕ್ಕೂ ಅಡುಗೆ ಕಟ್ಟೆಗೂ ಚೆಂದ, ಆದರೆ ನೀರು ಬಿದ್ದರೆ ಜಾರುತ್ತದೆ. ಮೆಟ್ಟಿಲು, ಅಂಗಳಗಳಿಗೆ ಬೆಂಕಿ ಹಾಯಿಸಿದ ಕಲ್ಲೇ ಸರಿ: ಬಿಸಿಗೆ ಬೆಣಚು ಹಿಗ್ಗಿ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಸಿಡಿದು ಒರಟಾಗುತ್ತದೆ, ಬಣ್ಣವೂ ಮಾಸುತ್ತದೆ. ತೊಗಲಿನಂಥ ಮಂದ ಹೊಳಪಿನ ಮೇಲ್ಮೈ ಇವೆರಡರ ನಡುವಿನದು.

ಅದೇ ಜಿಲ್ಲೆಯ ಬಾದಾಮಿಯದು ಮರಳುಗಲ್ಲು. ಉಳಿಗೆ ಸುಲಭವಾಗಿ ಬಗ್ಗುವ ಆ ಕಲ್ಲಿನಲ್ಲಿ ಚಾಲುಕ್ಯರು ಗುಹೆಗಳನ್ನು ಕೊರೆದರು. ಮೂರನೆಯ ಗುಹೆ ಕ್ರಿ.ಶ. 578ರದು. ಗ್ರಾನೈಟಿನ ಗಡಸುತನಕ್ಕೆ ಅಂಥ ಸೂಕ್ಷ್ಮ ಕೆತ್ತನೆ ಒಗ್ಗುವುದು ಕಷ್ಟ. ಹೀಗಾಗಿ ಇಂದಿನ ಸಪಾಟು, ಅಲಂಕಾರ ಕಡಿಮೆಯ ವಿನ್ಯಾಸಕ್ಕೆ ಅದು ಹೊಂದುತ್ತದೆ. ದೊಡ್ಡ ಗೋಡೆಯಿಡೀ ಈ ಕೆಂಪನ್ನೇ ಹಚ್ಚಿದರೆ ಮಾತ್ರ ಕಣ್ಣಿಗೆ ಭಾರ. ಸೀರೆಯ ದಡಿಯಂತೆ ಅಂಚಿಗಿಟ್ಟರೆ ಲಕ್ಷಣ.