ಏಕಕಾಲದಲ್ಲಿ ಹಲವು ಸಂಸ್ಥೆಗಳ ಮನೆ ಬ್ರಾಡ್‌ಬ್ಯಾಂಡ್ ಸ್ಥಗಿತಗೊಂಡಲ್ಲಿ: ಕಾರಣ ಪತ್ತೆ ಹಾಗೂ ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಪಹಣಿ, ವಿದ್ಯಾರ್ಥಿ ವೇತನ, ದಸ್ತಾವೇಜು ನೋಂದಣಿ ಮುಂತಾದ ಸೇವೆಗಳಿಗೆ ನಾಗರಿಕರು ಈಗ ಬಹುಮಟ್ಟಿಗೆ ಮನೆಯಿಂದಲೇ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುತ್ತಿದ್ದಾರೆ. ಕೊನೆಯ ದಿನಾಂಕದಂದು ಇಂಟರ್ನೆಟ್ ಸಂಪರ್ಕ ಹಠಾತ್ತನೆ ಕಡಿದುಹೋದಲ್ಲಿ ದೋಷವು ಮನೆಯಲ್ಲಿದೆಯೋ, ಸೇವಾದಾತ ಸಂಸ್ಥೆಯಲ್ಲಿದೆಯೋ, ಇಲಾಖೆಯ ಸರ್ವರ್‌ನಲ್ಲಿದೆಯೋ ಎಂಬುದು ತಿಳಿಯದೆ ಅರ್ಜಿದಾರರು ಗೊಂದಲಕ್ಕೊಳಗಾಗುವುದು ಸಹಜ. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ತಾರಿಹಾಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಲ್ಲಿ ವಸತಿ ಪ್ರದೇಶದ ಜೊತೆಗೆ ಕೈಗಾರಿಕಾ ಪ್ರದೇಶವಿದ್ದು, ಬೈಪಾಸ್ ರಸ್ತೆಯೂ ಸಮೀಪದಲ್ಲಿದೆ. ಅಕ್ಕಪಕ್ಕದ ಮೂರು ಮನೆಗಳಲ್ಲಿ ಮೂರು ಬೇರೆ ಬೇರೆ ಸಂಸ್ಥೆಗಳ ಬ್ರಾಡ್‌ಬ್ಯಾಂಡ್ ಇದೆಯೆಂದು ಭಾವಿಸೋಣ. ಒಂದು ಮಧ್ಯಾಹ್ನ ಮೂರೂ ಏಕಕಾಲದಲ್ಲಿ ನಿಂತುಹೋದರೆ, ಮೂರು ಮನೆಗಳ ಉಪಕರಣಗಳು ಒಟ್ಟಿಗೆ ಕೆಟ್ಟಿರುವ ಸಂಭವ ಅತ್ಯಲ್ಪ. ಒಂದು ಸಂಸ್ಥೆ ನಿಂತಾಗ ಆ ಸಂಸ್ಥೆಯನ್ನು ವಿಚಾರಿಸಬೇಕು. ಎಲ್ಲವೂ ನಿಂತಾಗ ಎಲ್ಲಕ್ಕೂ ಸಮಾನವಾಗಿರುವುದು ಯಾವುದೆಂದು ವಿಚಾರಿಸಬೇಕು.

ಮನೆಯಲ್ಲಿ ಮಾಡಬೇಕಾದ ಪರಿಶೀಲನೆ

ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಗೋಡೆಗೆ ಅಳವಡಿಸಿದ ಉಪಕರಣದ ಮೇಲೆ ಸಣ್ಣ ದೀಪಗಳಿರುತ್ತವೆ. ಅವುಗಳಲ್ಲಿ 'ಪಾನ್' ಎಂಬ ದೀಪ ಹಾಗೂ 'ಎಲ್‌ಓಎಸ್' ಎಂಬ ದೀಪ ಮುಖ್ಯವಾದವು. ಎಲ್‌ಓಎಸ್ ದೀಪವು ಕೆಂಪಾಗಿ ಮಿನುಗುತ್ತಿದ್ದರೆ ಹೊರಗಿನಿಂದ ಬರಬೇಕಾದ ಬೆಳಕಿನ ಸಂಕೇತ ಉಪಕರಣವನ್ನು ತಲುಪುತ್ತಿಲ್ಲವೆಂದು ಅರ್ಥ. ಪಾನ್ ದೀಪ ಹಸಿರಾಗಿ ಸ್ಥಿರವಾಗಿದ್ದೂ ಇಂಟರ್ನೆಟ್ ಬಾರದಿದ್ದರೆ ಮನೆಯಿಂದ ಸಂಸ್ಥೆಯ ಸ್ಥಳೀಯ ಕೇಂದ್ರದವರೆಗಿನ ತಂತಿ ಸರಿಯಾಗಿದ್ದು, ತೊಂದರೆ ಅದರಾಚೆಗಿದೆ ಅಥವಾ ಚಂದಾ ಅವಧಿ ಮುಗಿದಿದೆ ಎಂದು ತಿಳಿಯಬೇಕು.

ಉಪಕರಣದ ವಿದ್ಯುತ್ ಸ್ವಿಚ್ ಆರಿಸಿ, ಎರಡು ನಿಮಿಷ ಬಿಟ್ಟು ಒಮ್ಮೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಹಿಂಬದಿಯ ಸಣ್ಣ ರಂಧ್ರದಲ್ಲಿರುವ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಕೂಡದು. ಹಾಗೆ ಮಾಡಿದಲ್ಲಿ ಸಂಸ್ಥೆಯವರು ಅಳವಡಿಸಿದ ಬಳಕೆದಾರರ ಹೆಸರು, ಗುಪ್ತಪದ ಮೊದಲಾದವು ಅಳಿಸಿಹೋಗಬಹುದು. ಬೀದಿಯಲ್ಲಿನ ದೋಷ ದುರಸ್ತಿಯಾಗಿ ನೆರೆಯವರಿಗೆಲ್ಲ ಸಂಪರ್ಕ ಮರಳಿದ ಮೇಲೂ, ಗುಂಡಿ ಒತ್ತಿದ ಮನೆಯವರು ಮಾತ್ರ ತಂತ್ರಜ್ಞರ ದಾರಿ ಕಾಯುತ್ತಾ ಕುಳಿತುಕೊಳ್ಳಬೇಕಾಗುತ್ತದೆ. ಅಂತೆಯೇ ಫೈಬರ್ ತಂತಿಯನ್ನು ಕಿತ್ತು ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಕೂಡದು. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲವಾದರೂ ಹಾನಿಕರವಾಗಿರಬಹುದು.

ನಂತರ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸುವುದು. ಯಾವ ಸಂಸ್ಥೆ, ಎಷ್ಟು ಗಂಟೆಗೆ ನಿಂತಿತು, ಯಾವ ದೀಪ ಉರಿಯುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಪತ್ತೆಕಾರ್ಯ ಮುಗಿದಂತೆ. ಎಲ್ಲ ಮನೆಗಳಲ್ಲೂ ಎಲ್‌ಓಎಸ್ ಕೆಂಪಾಗಿದ್ದರೆ ದೋಷ ಬಹುತೇಕ ಸಮೀಪದಲ್ಲೇ, ಅಂದರೆ ಬೀದಿಯ ಕಂಬದಲ್ಲಿ, ರಸ್ತೆಯ ಅಡಿಯಲ್ಲಿ ಅಥವಾ ಸ್ಥಳೀಯ ಕೇಂದ್ರದಲ್ಲಿ ಇರುತ್ತದೆ. ಎಲ್ಲರ ಪಾನ್ ದೀಪವೂ ಹಸಿರಾಗಿದ್ದು ಯಾರಿಗೂ ಸಂಪರ್ಕವಿಲ್ಲದಿದ್ದರೆ ದೋಷ ಸ್ಥಳೀಯ ಕೇಂದ್ರದಿಂದಾಚೆ, ಬಹುಶಃ ಊರಿನಿಂದಾಚೆಗೆ ಇರುತ್ತದೆ.

ಹೆಸರು ಬೇರೆ, ಹಾದಿ ಒಂದೇ

ಮನೆಗೆ ಬರುವ ಬಿಲ್ಲಿನ ಮೇಲೆ ಸಂಸ್ಥೆಗಳ ಹೆಸರು ಬೇರೆ ಬೇರೆಯಾಗಿದ್ದರೂ ಅವುಗಳ ತಂತಿಗಳು ಹಲವು ಕಡೆ ಒಂದೇ ಹಾದಿಯಲ್ಲಿ ಸಾಗುತ್ತವೆ. ಒಂದೇ ಕಂಬದ ಮೇಲೆ ನಾಲ್ಕೈದು ಸಂಸ್ಥೆಗಳ ಕಪ್ಪು ಕೇಬಲ್‌ಗಳು ಜೋತುಬಿದ್ದಿರುವುದನ್ನು ಯಾವ ಊರಿನಲ್ಲಾದರೂ ಕಾಣಬಹುದು. ಒಬ್ಬರೇ ಕೇಬಲ್ ಆಪರೇಟರ್ ಎರಡು ಮೂರು ಸಂಸ್ಥೆಗಳ ಸಂಪರ್ಕ ನೀಡುವುದೂ ಉಂಟು. ನೆಲದಡಿಯಲ್ಲಿಯೂ ಹಲವು ಸಂಸ್ಥೆಗಳು ಒಂದೇ ಕೊಳವೆಯನ್ನು, ಕೆಲವೊಮ್ಮೆ ಒಂದೇ ಕೇಬಲ್‌ನ ಬೇರೆ ಬೇರೆ ಎಳೆಗಳನ್ನು ಬಾಡಿಗೆಗೆ ಪಡೆದಿರುತ್ತವೆ. ಆದುದರಿಂದ ಒಂದು ಜೆಸಿಬಿ ಯಂತ್ರ ಒಂದು ಅಡಿ ಹೆಚ್ಚು ಅಗೆದರೆ ಎಲ್ಲರ ಸಂಪರ್ಕವೂ ಒಟ್ಟಿಗೆ ಹೋಗುತ್ತದೆ.

ರಸ್ತೆ ಅಗಲೀಕರಣ, ಒಳಚರಂಡಿ, ಕುಡಿಯುವ ನೀರಿನ ಕೊಳವೆ, ಗ್ಯಾಸ್ ಕೊಳವೆ ಮುಂತಾದ ಕಾಮಗಾರಿ ನಡೆಯುವ ಪ್ರದೇಶಗಳಲ್ಲಿ ಮೊದಲು ಸಂಶಯಿಸಬೇಕಾದ ಕಾರಣ ಇದೇ. ಅಗೆಯುವವರು ಮುಂಚಿತವಾಗಿ ಕೇಬಲ್ ಮಾಲೀಕರಿಗೆ ತಿಳಿಸುವ ಸಲುವಾಗಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ ಅನ್ನು ಕೇಂದ್ರ ಸರ್ಕಾರವು 22 ಮಾರ್ಚ್ 2023ರಂದು ಜಾರಿಗೆ ತಂದಿದೆ. ಮನೆಗೆ ನಲ್ಲಿ ಸಂಪರ್ಕ ಪಡೆಯಲು ರಸ್ತೆ ಅಗೆಸುವ ನಾಗರಿಕರೂ ಗುತ್ತಿಗೆದಾರರಿಗೆ ಈ ವಿಷಯ ನೆನಪಿಸುವುದು ಒಳಿತು. ಕಡಿದ ಕೇಬಲ್ ದುರಸ್ತಿ ಮಾಡುವಾಗ ಮೊದಲು ಉಪಕರಣದಿಂದ ದೂರ ಅಳೆದು ತುಂಡಾದ ಜಾಗವನ್ನು ಗುರುತಿಸಬೇಕು, ಬಳಿಕ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆಯಬೇಕು. ದೊಡ್ಡ ಕೇಬಲ್‌ನಲ್ಲಿ ಇಂತಹ ಹತ್ತಾರು ಎಳೆಗಳಿರುವುದರಿಂದ ಒಂದು ಸಂಸ್ಥೆಗೆ ಸಂಜೆ ಮರಳಿದ ಸಂಪರ್ಕ ಮತ್ತೊಂದಕ್ಕೆ ರಾತ್ರಿ ಮರಳಬಹುದು. ಇದರಲ್ಲಿ ಯಾವುದೇ ಪಕ್ಷಪಾತವಿರಬೇಕೆಂದಿಲ್ಲ.

ಕಂಬಗಳ ಮೇಲಿನ ಕೇಬಲ್‌ಗಳಿಗೆ ಇನ್ನೊಂದು ಅಪಾಯವಿದೆ. ವಿದ್ಯುತ್ ಕಂಬಗಳ ಮೇಲೆ ಅನುಮತಿಯಿಲ್ಲದೆ ಎಳೆದ ಆಪ್ಟಿಕಲ್ ಫೈಬರ್ ಕೇಬಲ್‌ಗಳನ್ನು ಸುರಕ್ಷತೆಯ ದೃಷ್ಟಿಯಿಂದ ತೆರವುಗೊಳಿಸುವ ಕಾರ್ಯವನ್ನು ಬೆಂಗಳೂರಿನಲ್ಲಿ ಬೆಸ್ಕಾಂ 2024ರಲ್ಲಿ ಕೈಗೊಂಡಿತು. ಇಂತಹ ತೆರವು ನಡೆದಾಗ ಒಂದೇ ಬೀದಿಯ ಹಲವು ಸಂಸ್ಥೆಗಳ ಗ್ರಾಹಕರು ಒಟ್ಟಿಗೆ ಸಂಪರ್ಕ ಕಳೆದುಕೊಳ್ಳುತ್ತಾರೆ. ಅಂತಹ ಸಂದರ್ಭದಲ್ಲಿ ಕತ್ತರಿಸಿದ ತಂತಿಯನ್ನು ಗ್ರಾಹಕರು ತಾವೇ ಎತ್ತಿ ಕಟ್ಟಲು ಹೋಗಬಾರದು. ವಿದ್ಯುತ್ ತಂತಿಗೆ ತಗುಲಿದ್ದರೆ ಪ್ರಾಣಾಪಾಯವಿದೆ.

ಮೂರನೆಯ ಸಮಾನ ಅಂಶ ವಿದ್ಯುತ್. ಮನೆಯಲ್ಲಿ ಇನ್ವರ್ಟರ್ ಇದ್ದ ಮಾತ್ರಕ್ಕೆ ಬ್ರಾಡ್‌ಬ್ಯಾಂಡ್ ನಡೆಯುವುದಿಲ್ಲ. ಸ್ಥಳೀಯ ಕೇಂದ್ರದ ಉಪಕರಣಗಳಿಗೂ ವಿದ್ಯುತ್ ಬೇಕು. ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿರುವ ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾದರೆ ಎಲ್‌ಓಎಸ್ ದೀಪ ಕೆಂಪಾಗುತ್ತದೆ. ನೋಡಲು ತಂತಿ ಕಡಿದಂತೆಯೇ ಕಾಣುತ್ತದೆ. ಬಡಾವಣೆಯಲ್ಲಿ ಬಹಳ ಹೊತ್ತಿನಿಂದ ವಿದ್ಯುತ್ ಇಲ್ಲದಿದ್ದು ಆ ಬಳಿಕ ಸಂಪರ್ಕ ಹೋಗಿದ್ದರೆ ಈ ಕಾರಣವನ್ನು ಮೊದಲು ಪರಿಗಣಿಸಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ವಿದ್ಯುತ್ ಸರಬರಾಜು ಹೆಸ್ಕಾಂ ವ್ಯಾಪ್ತಿಗೆ ಸೇರಿದ್ದು, ಸಹಾಯವಾಣಿ 1912ಕ್ಕೆ ಕರೆ ಮಾಡಿ ವ್ಯತ್ಯಯದ ವಿವರ ಪಡೆಯಬಹುದು.

ಮೊಬೈಲ್ ಡೇಟಾದಿಂದ ಕೆಲಸ ಸಾಗೀತೆಂದು ಭಾವಿಸುವವರು ಒಂದು ವಿಷಯ ಗಮನಿಸತಕ್ಕದ್ದು. ಮೊಬೈಲ್ ಗೋಪುರಗಳಿಗೂ ಹಲವೆಡೆ ಇದೇ ಫೈಬರ್ ಕೇಬಲ್‌ಗಳೇ ಆಧಾರ. ಮೊಬೈಲ್ ಪರದೆಯ ಸಿಗ್ನಲ್ ಗೆರೆಗಳು ಫೋನ್ ಮತ್ತು ಗೋಪುರದ ನಡುವಿನ ಸಂಪರ್ಕವನ್ನಷ್ಟೇ ತೋರಿಸುತ್ತವೆ. ಗೋಪುರದ ಹಿಂದಿನ ತಂತಿ ಕಡಿದಿದ್ದರೆ ಗೆರೆಗಳು ಪೂರ್ಣವಿದ್ದೂ ಪುಟ ತೆರೆಯದಿರಬಹುದು. ಎರಡು ಸಂಸ್ಥೆಗಳ ಸಂಪರ್ಕ ಪಡೆದು ನಿಶ್ಚಿಂತರಾಗಿರುವ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಎರಡನೆಯ ಸಂಪರ್ಕ ಪಡೆಯುವ ಮುನ್ನ ಅದು ಯಾವ ಕಂಬದಿಂದ, ಯಾವ ಕೇಂದ್ರದಿಂದ ಬರುತ್ತದೆ ಎಂದು ಕೇಳಿ ತಿಳಿಯಬೇಕು. ಎರಡೂ ಒಂದೇ ಕಂಬದಿಂದ ಬರುವುದಾದರೆ ಎರಡನೆಯ ಬಾಡಿಗೆ ಬಹುಮಟ್ಟಿಗೆ ವ್ಯರ್ಥ ವೆಚ್ಚ.

ಸಂಪರ್ಕವಿದ್ದೂ ಪುಟಗಳು ತೆರೆಯದಿದ್ದಲ್ಲಿ

ದೂರದ ದೋಷಗಳ ಲಕ್ಷಣ ಬೇರೆ. ಜನವರಿ 2008ರ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಸಮೀಪ ಸಮುದ್ರದೊಳಗಿನ ಎರಡು ಕೇಬಲ್‌ಗಳು ತುಂಡಾದಾಗ ಭಾರತದಾದ್ಯಂತ ಹಲವು ಸಂಸ್ಥೆಗಳ ಇಂಟರ್ನೆಟ್ ನಿಧಾನಗೊಂಡಿತು. ಸೆಪ್ಟೆಂಬರ್ 2025ರಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ಕಡಿದಾಗಲೂ ಹಾಗೆಯೇ ಆಯಿತು. ಇಂತಹ ಸಂದರ್ಭಗಳಲ್ಲಿ ಸಂಪರ್ಕ ಪೂರ್ಣ ನಿಲ್ಲುವುದಿಲ್ಲ. ವಿದೇಶದ ಜಾಲತಾಣಗಳು ತಡವಾಗಿ ತೆರೆಯುತ್ತವೆ, ದೇಶದೊಳಗಿನವು ಬಹುಮಟ್ಟಿಗೆ ಎಂದಿನಂತೆ ನಡೆಯುತ್ತವೆ. ನವೆಂಬರ್ 18, 2025ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಜಾಲದಲ್ಲಿ ದೋಷ ಉಂಟಾದಾಗ ಜಗತ್ತಿನ ಅನೇಕ ಜಾಲತಾಣಗಳು ತೆರೆಯಲಿಲ್ಲ. ಆ ದಿನ ಬಳಕೆದಾರರ ಮನೆಯ ತಂತಿಯಲ್ಲಿ ದೋಷವಿರಲಿಲ್ಲ.

ಅರ್ಜಿದಾರರಿಗೆ ಹೆಚ್ಚು ಸಂಬಂಧಿಸಿದ್ದು ಇಲಾಖೆಯ ಸರ್ವರ್‌ನ ತೊಂದರೆ. ಜನವರಿ 2025ರಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಸೈಬರ್ ದಾಳಿ ನಡೆದು, ರಾಜ್ಯದ ಉಪ ನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಕೆಲಸ ಕುಂಠಿತವಾಯಿತು. ಇಂತಹ ಸಂದರ್ಭಗಳಲ್ಲಿ ಮನೆಯ ರೂಟರ್ ಬದಲಾಯಿಸಿದರೆ ಪ್ರಯೋಜನವಿಲ್ಲ. ಇಲಾಖೆಯ ಪುಟ ತೆರೆಯದಿದ್ದಾಗ ಬೇರೆ ಎರಡು ಮೂರು ಪುಟಗಳನ್ನು ತೆರೆದು ನೋಡುವುದು. ಅವು ತೆರೆದರೆ ದೋಷ ಆ ಒಂದು ಸರ್ವರ್‌ನದು. ಬೇರೆ ಊರಿನಲ್ಲಿರುವ ಬಂಧುಗಳಿಗೆ ಕರೆ ಮಾಡಿ ಅದೇ ಪುಟವನ್ನು ತೆರೆಯಲು ಕೇಳುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ.

ಸರ್ಕಾರದ ಆದೇಶದಿಂದಲೂ ಇಂಟರ್ನೆಟ್ ಸ್ಥಗಿತಗೊಳ್ಳಬಹುದು. ಡಿಸೆಂಬರ್ 2019ರಲ್ಲಿ ಮಂಗಳೂರಿನಲ್ಲಿ ಮೊಬೈಲ್ ಇಂಟರ್ನೆಟ್ ತಾತ್ಕಾಲಿಕವಾಗಿ ಸ್ಥಗಿತಗೊಂಡಿತ್ತು. ಇಂತಹ ಆದೇಶಗಳನ್ನು ಪ್ರಕಟಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 10 ಜನವರಿ 2020ರ ತೀರ್ಪಿನಲ್ಲಿ ತಿಳಿಸಿದೆ. ಪ್ರಕಟಿತ ಆದೇಶವಿಲ್ಲದೆ ಹರಡುವ ವದಂತಿಗಳನ್ನು ನಂಬಬೇಕಾಗಿಲ್ಲ.

ಅರ್ಜಿ ಮತ್ತು ಶುಲ್ಕದ ಬಗ್ಗೆ

ಅರ್ಜಿ ತುಂಬುವ ನಡುವೆ ಸಂಪರ್ಕ ಕಡಿದಲ್ಲಿ ಅರ್ಜಿ ಸಲ್ಲಿಕೆಯಾಗಿದೆಯೆಂದು ಊಹಿಸಬಾರದು. ಸ್ವೀಕೃತಿ ಸಂಖ್ಯೆ ದೊರೆತಾಗ ಮಾತ್ರ ಸಲ್ಲಿಕೆಯಾದಂತೆ. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಆ ಸಂಖ್ಯೆಯೇ ಮುಂದಿನ ವಿಚಾರಣೆಗೆ ಆಧಾರ.

ಹಣ ಪಾವತಿಯ ನಡುವೆ ಕಡಿದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಖಾತೆಯಿಂದ ಮೊತ್ತ ಕಡಿತವಾಗಿ ರಸೀದಿ ಬಾರದಿದ್ದಾಗ ಗಾಬರಿಯಿಂದ ಮತ್ತೊಮ್ಮೆ ಪಾವತಿಸುವವರೇ ಹೆಚ್ಚು. ಹೀಗೆ ಎರಡು ಬಾರಿ ಜಮೆಯಾದ ಮೊತ್ತವನ್ನು ಸರ್ಕಾರಿ ಲೆಕ್ಕದಿಂದ ಮರುಪಾವತಿ ಪಡೆಯುವುದು, ಒಂದು ರಾತ್ರಿ ಕಾಯುವುದಕ್ಕಿಂತ ಬಹಳ ದೀರ್ಘವಾದ ಕೆಲಸ. ಮೊದಲು ಬ್ಯಾಂಕ್ ಸಂದೇಶವನ್ನು, ಖಜಾನೆ-2ರ ಮೂಲಕ ಪಾವತಿಸಿದ್ದಲ್ಲಿ ಚಲನ್ ಉಲ್ಲೇಖ ಸಂಖ್ಯೆಯ ಸ್ಥಿತಿಯನ್ನು ಪರಿಶೀಲಿಸಬೇಕು. ಭಾರತೀಯ ರಿಸರ್ವ್ ಬ್ಯಾಂಕ್ ಸೆಪ್ಟೆಂಬರ್ 20, 2019ರಂದು ಹೊರಡಿಸಿದ ಸುತ್ತೋಲೆಯಂತೆ, ವ್ಯಾಪಾರಿ ಪಾವತಿಯಲ್ಲಿ ಯುಪಿಐ ಮೂಲಕ ಮೊತ್ತ ಕಡಿತವಾಗಿಯೂ ಎದುರಿನವರಿಗೆ ದೃಢೀಕರಣ ತಲುಪದಿದ್ದಲ್ಲಿ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಮೊತ್ತ ತಾನಾಗಿ ಹಿಂದಿರುಗಬೇಕು. ತಡವಾದಲ್ಲಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕು.

ಕೊನೆಯ ದಿನವಾಗಿದ್ದಲ್ಲಿ ದುರಸ್ತಿಯನ್ನು ಕಾಯದೆ, ದಾಖಲೆಗಳೊಂದಿಗೆ ಕರ್ನಾಟಕ ಒನ್, ಗ್ರಾಮ ಒನ್ ಅಥವಾ ನಾಡಕಚೇರಿಯಲ್ಲಿ ಸಂಬಂಧಿಸಿದ ಸೇವೆ ಲಭ್ಯವಿರುವ ಕಡೆಗೆ ತೆರಳುವುದು ಸೂಕ್ತ. ಹೊರಡುವ ಮುನ್ನ ಅಲ್ಲಿ ಸಂಪರ್ಕವಿದೆಯೇ ಎಂದು ದೂರವಾಣಿಯಲ್ಲಿ ಕೇಳಿ, ಸಾಧ್ಯವಾದಷ್ಟು ಬೇರೆ ಬಡಾವಣೆಯ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ತಾರಿಹಾಳದಲ್ಲಿ ಕಡಿದ ಕೇಬಲ್‌ನಿಂದಲೇ ಪಕ್ಕದ ಕೇಂದ್ರವೂ ನಿಂತಿರಬಹುದು.

ದೂರು ದಾಖಲಿಸುವ ವಿಧಾನ

ನೆರೆಯವರು ದೂರು ನೀಡಿದ್ದಾರೆಂದು ಸುಮ್ಮನಿರದೆ ಪ್ರತಿಯೊಬ್ಬ ಗ್ರಾಹಕರೂ ತಮ್ಮ ಸಂಸ್ಥೆಯಲ್ಲಿ ದೂರು ದಾಖಲಿಸಿ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಟ್ರಾಯ್ ಪ್ರಾಧಿಕಾರದ 2024ರ ಸೇವಾ ಗುಣಮಟ್ಟ ನಿಯಮಾವಳಿಯಂತೆ ಸ್ಥಿರ ಸಂಪರ್ಕದ ದೋಷ 3 ದಿನಗಳನ್ನು ಮೀರಿ ದುರಸ್ತಿಯಾಗದಿದ್ದಲ್ಲಿ ಗ್ರಾಹಕರಿಗೆ ಪರಿಹಾರಕ್ಕೆ ಅವಕಾಶವಿದೆ. ದಿನಾಂಕ ಮತ್ತು ಸಂಖ್ಯೆ ಇಲ್ಲದ ದೂರಿಗೆ ಈ ಅವಕಾಶ ಪಡೆಯುವುದು ಕಷ್ಟ.

ಪರಿಹಾರ ತೃಪ್ತಿಕರವಾಗದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಣೆ ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಹಾಗೂ ಜಿಲ್ಲಾ ಗ್ರಾಹಕ ಆಯೋಗದ ಮಾರ್ಗವೂ ತೆರೆದಿದ್ದು, ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 16 ಫೆಬ್ರವರಿ 2022ರಂದು ತೀರ್ಪು ನೀಡಿದೆ. ದೂರಿನೊಂದಿಗೆ ಸಂಪರ್ಕ ನಿಂತ ಸಮಯ, ಉಪಕರಣದ ದೀಪಗಳ ಛಾಯಾಚಿತ್ರ, ದೂರು ಸಂಖ್ಯೆ ಹಾಗೂ ಬಿಲ್ಲಿನ ಪ್ರತಿಯನ್ನು ಲಗತ್ತಿಸತಕ್ಕದ್ದು.