ಪೂರ್ಣಿಯಾದಿಂದ ಎವರೆಸ್ಟಿಗೆ ಎರಡು ದಾರಿಗಳು

ಬಿಹಾರದ ಪೂರ್ಣಿಯಾ ಪಟ್ಟಣದ ಸಮೀಪದಲ್ಲಿ ಲಾಲ್‌ಬಾಲು ಎಂಬ ಬಯಲೊಂದಿದೆ. 1933ರಲ್ಲಿ ಅದೊಂದು ಸಾಧಾರಣ ವಿಮಾನದಾಣ. ಆ ವರ್ಷ ಕೆಲವು ವಾರಗಳ ಅಂತರದಲ್ಲಿ ಇಂಗ್ಲೆಂಡಿನಿಂದ ಹೊರಟ ಎರಡು ಸಾಹಸಗಳು ಅಲ್ಲಿಗೆ ಬಂದು ತಲುಪಿದವು. ಎರಡರ ಗುರಿಯೂ ಎವರೆಸ್ಟ್ ಶಿಖರವೇ. ಮೊದಲನೆಯದು ಶಿಖರದ ಮೇಲೆ ಹಾರಿ ಚಿತ್ರಗಳೊಂದಿಗೆ ಮರಳಿತು. ಎರಡನೆಯದರ ನಾಯಕನೂ ಅನುಯಾಯಿಯೂ ಆಗಿದ್ದ ಒಬ್ಬನೇ ಮನುಷ್ಯ ಮುಂದಿನ ವರ್ಷ ಆ ಪರ್ವತದ ಬುಡದಲ್ಲಿ ಹೆಣವಾದನು.

ಈ ಹಳೆಯ ಕಥೆ ಈಗೇಕೆ ನೆನಪಾಯಿತೆಂದರೆ, ನನ್ನ ಶಿಷ್ಯರಲ್ಲೊಬ್ಬ ವಿಮಾನ ಚಾಲನೆ ಕಲಿಯುತ್ತಿದ್ದಾನೆ. ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು, ಪ್ರತಿ ಗಂಟೆಗೂ ಹಣ ಸುರಿಯಬೇಕು. "ಹಾರುವುದು ಬಂದ ಮೇಲೂ ಇಷ್ಟೊಂದು ಗಂಟೆ ಏಕೆ ಸಾರ್?" ಎಂಬುದು ಅವನ ಪ್ರಶ್ನೆ. ಶಿಷ್ಯೆಯೊಬ್ಬಳು ಕುಮಾರಪರ್ವತವನ್ನು ನಾಲ್ಕಾರು ಬಾರಿ ಹತ್ತಿಳಿದವಳು. ಇನ್ನು ನೇರವಾಗಿ ಹಿಮಾಲಯದ ಹಿಮಶಿಖರವೊಂದಕ್ಕೆ ಹೋಗುವೆನೆಂದು ಬರೆದಿದ್ದಾಳೆ. ಇಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇದನ್ನು ಬರೆಯುತ್ತಿದ್ದೇನೆ.

ಮೊದಲ ತಂಡಕ್ಕೆ ಹಣ ಕೊಟ್ಟವರು ಲೇಡಿ ಹೂಸ್ಟನ್ ಎಂಬ ಸಿರಿವಂತ ಮಹಿಳೆ. ವೆಸ್ಟ್‌ಲ್ಯಾಂಡ್ ಕಂಪನಿಯ ಎರಡು ವಿಮಾನಗಳಿಗೆ ಪೆಗಾಸಸ್ ಎಂಜಿನ್ ಜೋಡಿಸಲಾಯಿತು. ಚಾಲಕರು ಲಾರ್ಡ್ ಕ್ಲೈಡ್ಸ್‌ಡೇಲ್ ಮತ್ತು ಡೇವಿಡ್ ಮ್ಯಾಕಿಂಟೈರ್. ಜೊತೆಗೆ ವೀಕ್ಷಕರಾಗಿ ಬ್ಲ್ಯಾಕರ್, ಚಲನಚಿತ್ರ ತೆಗೆಯಲು ಬಾನೆಟ್. ಅಷ್ಟು ಎತ್ತರದ ಚಳಿಗೆ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು, ಉಸಿರಾಟಕ್ಕೆ ಆಮ್ಲಜನಕ, ಹೆಪ್ಪುಗಟ್ಟದಂತೆ ಕಾಪಾಡಿದ ಕ್ಯಾಮೆರಾ. ಹೊರಡುವ ಮುನ್ನ ಇಂಗ್ಲೆಂಡಿನಲ್ಲೇ ಒತ್ತಡ ಇಳಿಸಿದ ಕೋಣೆಯಲ್ಲಿ ಕುಳಿತು ಪರೀಕ್ಷೆ ಮಾಡಿಕೊಂಡಿದ್ದರು. ನೇಪಾಳದ ಅನುಮತಿಯನ್ನೂ ಪಡೆದಿದ್ದರು. ಯಾರ ಕೆಲಸ ಯಾವುದು, ಯಾವುದರ ನಂತರ ಯಾವುದು ಎಂಬುದು ಮೊದಲೇ ನಿಶ್ಚಯವಾಗಿತ್ತು.

ಇಷ್ಟಾದರೂ 1933ರ ಏಪ್ರಿಲ್ 3ರಂದು ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಭಾವಿಸಬೇಡಿ. ಶಿಖರದ ಸಮೀಪ ಕೆಳಮುಖವಾಗಿ ಬೀಸುವ ಗಾಳಿಗೆ ಸಿಕ್ಕಿ ವಿಮಾನಗಳು ಸಾವಿರಕ್ಕೂ ಹೆಚ್ಚು ಅಡಿ ಕುಸಿದವು. ಬಾನೆಟ್ ಅವರ ಕಾಲಡಿಗೆ ಸಿಕ್ಕಿ ಆಮ್ಲಜನಕದ ಕೊಳವೆ ಬಿರುಕು ಬಿಟ್ಟಿತು. ಅವರು ಅದಕ್ಕೆ ಕರವಸ್ತ್ರ ಸುತ್ತಿ, ಪ್ರಜ್ಞೆ ತಪ್ಪಿ ಬಿದ್ದರು. ವಿಮಾನ ಕೆಳಗಿಳಿದ ಮೇಲೆಯೇ ಎಚ್ಚರವಾದದ್ದು. ಸರ್ವೇಕ್ಷಣೆಗೆಂದು ತೆಗೆದ ಚಿತ್ರಗಳು ಧೂಳಿನ ಮಬ್ಬಿನಿಂದಾಗಿ ಕೆಲಸಕ್ಕೆ ಬರಲಿಲ್ಲ. ಆದುದರಿಂದ ಏಪ್ರಿಲ್ 19ರಂದು, ಇನ್ನು ಸಾಕು ಮರಳಿರಿ ಎಂಬ ಮೇಲಿನವರ ಸೂಚನೆಯನ್ನು ಬದಿಗಿಟ್ಟು, ಮತ್ತೊಮ್ಮೆ ಹಾರಿದರು. ಶಿಸ್ತಿನ ಮನುಷ್ಯರೂ ಒಮ್ಮೊಮ್ಮೆ ತುಂಟ ಹುಡುಗರಾಗುತ್ತಾರೆ! ಆದರೆ ಗಾಳಿ ಕೈಕೊಟ್ಟಾಗ, ಕೊಳವೆ ಒಡೆದಾಗ ಅವರನ್ನು ಉಳಿಸಿದ್ದು ಧೈರ್ಯವೊಂದೇ ಅಲ್ಲ, ಕೈಗೆ ಅಭ್ಯಾಸವಾಗಿಹೋಗಿದ್ದ ವಿದ್ಯೆ.

ಆ ವಿದ್ಯೆಯ ಹಿಂದೆ ಒಬ್ಬ ಮೇಷ್ಟರಿದ್ದಾರೆ. ನಾನು ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ನಿಜವಾದ ಕಾರಣ ಅವರೇ ಎಂದರೂ ಸರಿ.

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹೊಸ ಚಾಲಕರು ಅರೆಬರೆ ಕಲಿತು ರಣರಂಗಕ್ಕೆ ಹೋಗುತ್ತಿದ್ದರು. ಕಲಿಯುವಾಗಲೇ ಸತ್ತವರೂ ಬಹುಮಂದಿ. ಕಲಿಸುವವರಿಗೂ ಕಲಿಸುವ ಕ್ರಮ ತಿಳಿದಿರಲಿಲ್ಲ. ವಿಮಾನ ಗಿರಕಿ ಹೊಡೆಯುವ ಸ್ಥಿತಿಯ ಹತ್ತಿರವೂ ಹೋಗಬೇಡ ಎನ್ನುವುದೇ ಪಾಠವಾಗಿತ್ತು. ಹೋದರೆ ಹೊರಬರುವುದು ಹೇಗೆಂದು ಹೇಳುವವರಿರಲಿಲ್ಲ. ಫ್ರಾನ್ಸಿನಲ್ಲಿ ದಳವೊಂದರ ಮುಖ್ಯಸ್ಥರಾಗಿದ್ದ ರಾಬರ್ಟ್ ಸ್ಮಿತ್-ಬ್ಯಾರಿ ಇದನ್ನು ಕಂಡು ಕುದಿದು ಮೇಲಧಿಕಾರಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಹಾಗಾದರೆ ನೀನೇ ಮಾಡಿ ತೋರಿಸು ಎಂಬಂತೆ 1917ರಲ್ಲಿ ಅವರನ್ನು ಗಾಸ್‌ಪೋರ್ಟ್ ಎಂಬಲ್ಲಿನ ತರಬೇತಿ ಶಾಲೆಗೆ ನೇಮಿಸಲಾಯಿತು.

ಅವರು ಮಾಡಿದ್ದು ಇಷ್ಟು. ಶಿಷ್ಯನನ್ನು ಪ್ರಯಾಣಿಕನ ಜಾಗದಲ್ಲಿ ಕೂರಿಸದೆ ಚಾಲಕನ ಜಾಗದಲ್ಲೇ ಕೂರಿಸಿದರು. ಆವ್ರೋ 504 ವಿಮಾನದಲ್ಲಿ ಇಬ್ಬರ ಕೈಗೂ ಹಿಡಿಕೆ ಕೊಟ್ಟರು. ಎಂಜಿನ್ನಿನ ಗದ್ದಲದಲ್ಲೂ ಗುರುವಿನ ಮಾತು ಕಿವಿಗೆ ಬೀಳಲೆಂದು ಕೊಳವೆಯೊಂದನ್ನು ಬಳಸಿದರು. ಮುಂದೆ ಅದಕ್ಕೆ 'ಗಾಸ್‌ಪೋರ್ಟ್ ಕೊಳವೆ' ಎಂಬ ಹೆಸರೇ ನಿಂತಿತು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಗಿರಕಿಗೆ ಎಲ್ಲರೂ ಹೆದರುತ್ತಿದ್ದರೋ ಅದರೊಳಕ್ಕೇ ಶಿಷ್ಯನನ್ನು ಬೇಕೆಂದು ಒಯ್ದು, ಹೊರಬರುವುದನ್ನು ಅವನ ಕೈಯಿಂದಲೇ ಮಾಡಿಸಿದರು. ಬಿ.ಎಡ್. ತರಗತಿಯಲ್ಲಿ ನಾವು 'ತಿಳಿದುದರಿಂದ ತಿಳಿಯದುದರ ಕಡೆಗೆ' ಎಂಬ ಸೂತ್ರವನ್ನು ಬಾಯಿಪಾಠ ಮಾಡಿದ್ದೇವೆ. ಭಯವೆಂಬ ತಿಳಿಯದುದರ ಕಡೆಗೆ ಶಿಷ್ಯನ ಕೈ ಹಿಡಿದು ನಡೆಸಿದ ಇಂಥ ಪಾಠಯೋಜನೆಯನ್ನು ಯಾವ ಪಠ್ಯಪುಸ್ತಕದಲ್ಲಿಯೂ ನಾನು ಓದಿಲ್ಲ. ಈ ಪದ್ಧತಿ ದೇಶದಿಂದ ದೇಶಕ್ಕೆ ಹರಡಿತು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ರೂಪುಗೊಂಡು 1951ರ ಆಗಸ್ಟ್ 5ರಂದು ಮೊದಲು ಹಾರಿದ ಎಚ್.ಟಿ.-2 ತರಬೇತಿ ವಿಮಾನದಲ್ಲೂ ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕುಳಿತು, ಇಬ್ಬರೂ ಹಿಡಿಕೆ ಹಿಡಿಯುವ ಏರ್ಪಾಡೇ ಇತ್ತು.

ಈಗ ಎರಡನೆಯ ಮನುಷ್ಯ. ಮಾರಿಸ್ ವಿಲ್ಸನ್ ಬ್ರ್ಯಾಡ್‌ಫರ್ಡಿನ ಉಣ್ಣೆ ಗಿರಣಿ ಮಾಲೀಕರೊಬ್ಬರ ಮಗ, ಹುಟ್ಟಿದ್ದು 1898ರಲ್ಲಿ. ಯುದ್ಧದಲ್ಲಿ ಮಿಲಿಟರಿ ಕ್ರಾಸ್ ಪದಕ ಗಳಿಸಿದ್ದನು, ಗುಂಡೇಟಿನಿಂದ ಎಡತೋಳು ಪೂರ್ತಿ ಸರಿಹೋಗಲೇ ಇಲ್ಲ. ಆಮೇಲೆ ನೆಲೆಯಿಲ್ಲದ ಅಲೆದಾಟ, ಕಾಯಿಲೆ. ಉಪವಾಸ ಮತ್ತು ಪ್ರಾರ್ಥನೆಯಿಂದ ತಾನು ಗುಣವಾದೆನೆಂದು ನಂಬಿದನು, ಆ ನಂಬಿಕೆಯ ಶಕ್ತಿಯನ್ನು ಲೋಕಕ್ಕೆ ತೋರಿಸಲು ಒಬ್ಬನೇ ಎವರೆಸ್ಟ್ ಏರುವೆನೆಂದು ನಿಶ್ಚಯಿಸಿದನು. ವಿಮಾನವನ್ನು ಪರ್ವತದ ಕೆಳ ಇಳಿಜಾರಿನಲ್ಲಿ ಅಪ್ಪಳಿಸಿ ನಿಲ್ಲಿಸುವುದು, ಅಲ್ಲಿಂದ ನಡೆದು ಏರುವುದು. ಇದು ಯೋಜನೆ! ಅವನಿಗೆ ವಿಮಾನ ಹಾರಿಸಲೂ ಬರುತ್ತಿರಲಿಲ್ಲ, ಪರ್ವತ ಹತ್ತಲೂ ಬರುತ್ತಿರಲಿಲ್ಲ.

ಹಾರುವುದನ್ನು ಅವನು ಲಂಡನ್ ಏರೋ ಕ್ಲಬ್ಬಿನಲ್ಲಿ ಕಲಿತನು. ಮಂದ ವಿದ್ಯಾರ್ಥಿ. ಇತರರಿಗಿಂತ ಇಮ್ಮಡಿ ಸಮಯ ಹಿಡಿಯಿತು. ಭಾರತ ತಲುಪುವುದು ನಿನ್ನಿಂದಾಗದು ಎಂದು ಶಿಕ್ಷಕರು ಹೇಳಿದರಂತೆ. ನಾನು ಇಂಥ ಮಾತನ್ನು ಯಾವ ಶಿಷ್ಯನಿಗೂ ಹೇಳಬಾರದೆನ್ನುವ ಪಕ್ಷದವನು, ಏಕೆಂದರೆ ಅವನು ತಲುಪಿಯೇ ಬಿಟ್ಟನು. 'ಎವರ್ ರೆಸ್ಟ್' ಎಂದು ಹೆಸರಿಟ್ಟ ಹಳೆಯ ಜಿಪ್ಸಿ ಮಾತ್ ವಿಮಾನದಲ್ಲಿ 1933ರ ಮೇ 21ರಂದು ಹೊರಟನು. ಹೊರಡಕೂಡದೆಂದು ಬಂದ ತಂತಿಯನ್ನು ಹರಿದು ಹಾಕಿದನು. ಪರ್ಷಿಯಾದ ಮೇಲೆ ಹಾರಲು ಅನುಮತಿ ಸಿಗಲಿಲ್ಲ. ಬಹರೈನಿನಲ್ಲಿ ಅಧಿಕಾರಿಗಳು ಹಿಂದಿರುಗೆಂದರು. ಹಿಂದಿರುಗುವವನಂತೆ ಮೇಲೇರಿ, ದಿಕ್ಕು ಬದಲಿಸಿ, ಇಂಧನ ಸಾಲುವುದೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಕಡಲ ದಾರಿಯಾಗಿ ಗ್ವಾದರ್ ತಲುಪಿದನು. ಹೊರಟ ಎರಡು ವಾರಗಳಲ್ಲಿ ಹೀಗೆ ಭಾರತದ ಹೊಸ್ತಿಲಿಗೆ ಬಂದಿದ್ದನು! ಅನುಭವಿ ಚಾಲಕರೂ ಮೆಚ್ಚಬೇಕಾದ ಹಾರಾಟ ಅದು. ಅವನನ್ನು ಹುಚ್ಚನೆಂದು ಬದಿಗೆ ಸರಿಸುವವರು ಇದನ್ನು ಮರೆಯುತ್ತಾರೆ. ಮಂದ ವಿದ್ಯಾರ್ಥಿಯನ್ನೂ ದಡ ಮುಟ್ಟಿಸುವಷ್ಟು ಗಟ್ಟಿಯಾಗಿತ್ತು, ಗಾಸ್‌ಪೋರ್ಟಿನಿಂದ ಬಂದ ಆ ಕಲಿಕೆಯ ಕ್ರಮ.

ಪರ್ವತಕ್ಕೆ ಅಂಥ ಕ್ರಮವನ್ನು ಅವನು ಹುಡುಕಲೇ ಇಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಮಂಜುಗಡ್ಡೆಯ ಮೇಲೆ ಮೆಟ್ಟಿಲು ಕಡಿಯಲು ಕಲಿಸಬಲ್ಲ ಮಾರ್ಗದರ್ಶಕರಿದ್ದರು. ವಿಲ್ಸನ್ ಹೋದದ್ದು ವೇಲ್ಸ್ ಮತ್ತು ಲೇಕ್ ಡಿಸ್ಟ್ರಿಕ್ಟಿನ ಗುಡ್ಡಗಳಿಗೆ. ಐದು ವಾರ ಅಲ್ಲಿ ನಡೆದಾಡಿದನು. ವೇಲ್ಸಿನ ಅತಿ ಎತ್ತರದ ಸ್ನೋಡನ್ 1,085 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಬಹಳ ಗಿಡ್ಡ.

ಲಾಲ್‌ಬಾಲುವಿನಲ್ಲಿ ಸರ್ಕಾರ ಅವನ ವಿಮಾನವನ್ನು ವಶಪಡಿಸಿಕೊಂಡಿತು. ನೇಪಾಳವೂ ಒಪ್ಪಲಿಲ್ಲ. ವಿಮಾನವನ್ನು ಮಾರಿ ಡಾರ್ಜಿಲಿಂಗಿನಲ್ಲಿ ಚಳಿಗಾಲ ಕಳೆದನು. 1934ರ ಮಾರ್ಚ್ 21ರಂದು ತೆವಾಂಗ್, ರಿಂಜಿಂಗ್, ತ್ಸೆರಿಂಗ್ ಎಂಬ ಮೂವರು ಜೊತೆಗಾರರೊಂದಿಗೆ ಬೌದ್ಧ ಭಿಕ್ಷುವಿನ ವೇಷದಲ್ಲಿ ಟಿಬೆಟ್ಟಿನ ಕಡೆ ನಡೆದನು. ಏಪ್ರಿಲ್ ಮಧ್ಯದಲ್ಲಿ ರೋಂಗ್‌ಬುಕ್ ಮಠ. ಅಲ್ಲಿಂದ ಒಬ್ಬನೇ ಹೋಗಿ ಹಿಮನದಿಯಲ್ಲಿ ದಾರಿ ತಪ್ಪಿ ಒಂಬತ್ತು ದಿನಗಳ ಬಳಿಕ ಬಸವಳಿದು ಮರಳಿದನು. ಹಿಂದಿನ ವರ್ಷದ ತಂಡ ಬಿಟ್ಟುಹೋಗಿದ್ದ, ಬೂಟಿನಡಿ ಕಟ್ಟುವ ಕ್ರಾಂಪಾನ್ ಎಂಬ ಉಕ್ಕಿನ ಮುಳ್ಳುಗಳು ಅವನಿಗೆ ಸಿಕ್ಕಿದ್ದವೆಂದೂ, ಪ್ರಯೋಜನ ತಿಳಿಯದೆ ಎಸೆದನೆಂದೂ ಅವನ ಕಥೆ ಬರೆದವರು ಹೇಳುತ್ತಾರೆ. ಆ ತಂಡ ಕಡಿದಿದ್ದ ಮೆಟ್ಟಿಲುಗಳು ಹಾಗೇ ಇರುತ್ತವೆಂದೂ ನಂಬಿದ್ದನು. ಹಿಮ ಅವನ್ನು ಎಂದೋ ಮುಚ್ಚಿತ್ತು. ನಾರ್ತ್ ಕೋಲ್ ಎಂಬ ಕಣಿವೆದಾರಿಯ ಕೆಳಗೆ ಸುಮಾರು 40 ಅಡಿಯ ಮಂಜಿನ ಗೋಡೆಯೊಂದು ಅವನನ್ನು ತಡೆಯಿತು. ಜೊತೆಗಾರರು ಹಿಂದಿರುಗೋಣವೆಂದು ಬೇಡಿದರು. ದಿನಚರಿಯ ಕೊನೆಯ ಬರಹ ಮೇ 31ರದು.

ಎಷ್ಟು ಸಾವಿರ ಮೈಲಿ ದಾಟಿದವನು, 40 ಅಡಿ ದಾಟಲಾರದೆ ಹೋದನು! ಒಂದು ವಿದ್ಯೆಯಲ್ಲಿ ಗಳಿಸಿದ ಆತ್ಮವಿಶ್ವಾಸವನ್ನು ಇನ್ನೊಂದರ ಬಂಡವಾಳವೆಂದು ಎಣಿಸಿದ್ದೇ ಅವನನ್ನು ಕೊಂದಿತೆಂದು ನನ್ನ ಅಭಿಪ್ರಾಯ. ಗಾಳಿಯ ಭಯವನ್ನು ಗುರುವಿನೆದುರು ಕಳೆದುಕೊಂಡಿದ್ದನು. ಮಂಜಿನ ಭಯವನ್ನು ಯಾರೆದುರೂ ಕಂಡೇ ಇರಲಿಲ್ಲ.

ಅನುಭವವೊಂದೇ ಸಾಲದೆಂಬುದಕ್ಕೂ ನಿದರ್ಶನ ಬೇಗನೆ ಬಂತು. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡಿನಲ್ಲಿ ಬೋಯಿಂಗಿನ ಹೊಸ ಬಾಂಬರ್ ಏರುತ್ತಲೇ ಬಿದ್ದಿತು. ಹಾರಿಸುತ್ತಿದ್ದವರು ನುರಿತ ಪರೀಕ್ಷಾ ಚಾಲಕರು. ನಿಲ್ಲಿಸಿದಾಗ ಹಾಕುವ ಬೀಗವೊಂದನ್ನು ತೆಗೆಯಲು ಮರೆತಿದ್ದರು, ಅಷ್ಟೆ. ಹಾರುವ ಮುನ್ನ ಓದಿ ಒಂದೊಂದಾಗಿ ಪರಿಶೀಲಿಸುವ ಪಟ್ಟಿ ಅಲ್ಲಿಂದ ರೂಢಿಗೆ ಬಂತು. ಇಂದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲೂ ಅಂಥದೇ ಪಟ್ಟಿಯಿದೆ. ಅಯ್ಯಾ ಶಿಷ್ಯ, ನಿನ್ನ 200 ಗಂಟೆಗಳಲ್ಲಿ ಎಷ್ಟೋ ಗಂಟೆ ಹೋಗುವುದು ಇಂಥ ಸಣ್ಣ ಸಂಗತಿಗಳು ಕೈಗೆ ಕೂರುವುದಕ್ಕಾಗಿಯೇ. ಎವರೆಸ್ಟಿನ ಮೇಲೆ ಹಾರಿಬಂದ ಕ್ಲೈಡ್ಸ್‌ಡೇಲ್ ಮತ್ತು ಮ್ಯಾಕಿಂಟೈರ್ ಅದೇ ವರ್ಷ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಕಂಪನಿಯೊಂದನ್ನು ಸ್ಥಾಪಿಸಿದರು. ಅದರ ಮೊದಲ ದೊಡ್ಡ ಕೆಲಸ ಹೊಸಬರಿಗೆ ಹಾರಾಟ ಕಲಿಸುವ ಶಾಲೆ.

ವಿಲ್ಸನ್ನನ ದೇಹ ಸಿಕ್ಕಿದ್ದು 1935ರ ಜುಲೈನಲ್ಲಿ, ಎರಿಕ್ ಶಿಪ್ಟನ್ನರ ತಂಡಕ್ಕೆ. ದಿನಚರಿಯನ್ನು ತೆಗೆದುಕೊಂಡು ದೇಹವನ್ನು ಹಿಮದ ಬಿರುಕಿನಲ್ಲಿ ಸಮಾಧಿ ಮಾಡಿದರು. ಆ ತಂಡದಲ್ಲಿ ಹೊರೆ ಹೊರಲು ಬಂದಿದ್ದ, ಎವರೆಸ್ಟನ್ನು ಮೊದಲ ಬಾರಿ ಸಮೀಪಿಸುತ್ತಿದ್ದ ಯುವಕನೊಬ್ಬನಿದ್ದನು. ಅವರೇ ತೇನ್‌ಸಿಂಗ್ ನೋರ್ಗೆ. 1953ರ ವಿಜಯದ ಮರುವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾದಾಗ ಕ್ಷೇತ್ರ ತರಬೇತಿಯ ನಿರ್ದೇಶಕರಾದವರು ಅವರು. ವಿಲ್ಸನ್ ವೇಷ ಹಾಕಿಕೊಂಡು ಕದ್ದು ಹೊರಟ ಊರಿನಲ್ಲಿಯೇ ಈಗ ಯಾರಾದರೂ ಅರ್ಜಿ ಹಾಕಿ ಕಲಿಯಬಹುದು. ಮೊದಲ ಹಂತದ ತರಬೇತಿ 28 ದಿನ, ವಿಲ್ಸನ್ ವೇಲ್ಸಿನಲ್ಲೂ ಲೇಕ್ ಡಿಸ್ಟ್ರಿಕ್ಟಿನಲ್ಲೂ ಅಲೆದ ದಿನಗಳಿಗಿಂತ ಒಂದು ವಾರ ಕಡಿಮೆ. ಕುಮಾರಪರ್ವತದ ನನ್ನ ಶಿಷ್ಯೆಗೆ ವಿಳಾಸ ಬರೆದು ಕಳುಹಿಸಿದ್ದೇನೆ.