ಮನೆಯನ್ನು ಮಾರಿ ಮುದ್ರಣಾಲಯವನ್ನು ಹೂಡಿದವರು

ಟಿಕೋಟಾ, ಬಬಲೇಶ್ವರ ಮೊದಲಾದ ಊರುಗಳಲ್ಲಿ ಶ್ರಾವಣಮಾಸದ ಪುರಾಣವನ್ನು ಕೇಳುತ್ತ ಬೆಳೆದವರು ನಿಮ್ಮಲ್ಲಿ ಅನೇಕರಿರುವಿರಿ. ಶರಣರ ಕಥೆಯನ್ನು ಹೇಳುವವರಿಗೆ ಕಂಠವೊಂದಿದ್ದರೆ ಸಾಲದು, ಕಥೆಗೆ ಆಧಾರವೂ ಬೇಕು. ಆ ಆಧಾರವನ್ನು ನಾಡಿಗೆ ದೊರಕಿಸಿದವರಲ್ಲಿ ಅಗ್ರಗಣ್ಯರು ಡಾ. ಫ. ಗು. ಹಳಕಟ್ಟಿಯವರು.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು, ಅಂದಿನ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ರಬಕವಿಯ ಮನೆಯೊಂದರಲ್ಲಿ ವಚನಗಳ ತಾಳೆಗರಿಗಳನ್ನು ಕಂಡ ಮೇಲೆ ಅವರ ಬಾಳಿನ ದಿಕ್ಕೇ ಬದಲಾಯಿತು. ಊರೂರು ಅಲೆದು ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಈ ಕಾರ್ಯವು ನಿಲ್ಲಬಾರದೆಂದು ತಮ್ಮ ಮನೆಯನ್ನೇ ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯು ಹೊರಟಿತು.

ಹಳಕಟ್ಟಿಯವರು ಸಂಗ್ರಾಹಕರಷ್ಟೇ ಅಲ್ಲ, ಕಥನಕಾರರೂ ಹೌದು. ಹರಿಹರನ ರಗಳೆಗಳನ್ನು ಬೆಳಕಿಗೆ ತಂದರು. ಶಿವಶರಣರ ಮತ್ತು ಶಿವಶರಣೆಯರ ಚರಿತ್ರೆಗಳನ್ನು ಎಲ್ಲರಿಗೂ ತಿಳಿಯುವ ಗದ್ಯದಲ್ಲಿ ಬರೆದರು. ಪುರಾಣವು ನುಡಿದುದನ್ನು ಶರಣರ ವಚನದೊಡನೆ ಇಟ್ಟು ನೋಡುವುದು ಅವರ ಮಾರ್ಗ. ಭಕ್ತಿಯು ವಿಚಾರಕ್ಕೆ ಅಂಜಲಿಲ್ಲ. ವಿಚಾರವು ಭಕ್ತಿಯನ್ನು ಹಳಿಯಲಿಲ್ಲ.

1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರು ಕೂಡಿಸಿ ಅಚ್ಚುಹಾಕದಿದ್ದರೆ ಎಷ್ಟೋ ಗರಿಗಳು ಗೆದ್ದಲಿನ ಪಾಲಾಗುತ್ತಿದ್ದವು. ವಾಚಕರೇ, ನಿಮ್ಮ ಹಿರಿಯರ ಮನೆಯ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಕಟ್ಟೊಂದು ಇರಬಹುದು. ವರ್ಷಕ್ಕೊಮ್ಮೆ ಪೂಜಿಸಿ ಮರಳಿ ಕಟ್ಟಿಡಬೇಡಿರಿ. ಬಿಚ್ಚಿರಿ, ಬಲ್ಲವರಿಗೆ ತೋರಿಸಿರಿ, ಓದಿಸಿರಿ. ಹಳಕಟ್ಟಿಯವರಿಗೆ ಸಲ್ಲುವ ನಿಜವಾದ ಪೂಜೆ ಅದೇ.